ಕಜಕ್ ಕಲಿಯಬೇಕೆ, ರಷ್ಯನ್ ಸಾಕೆ? ಹಾವೇರಿಯ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗಳು ಎಂಬಿಬಿಎಸ್ ಓದಲು ಕಜಕಿಸ್ತಾನದ ಶಿಮ್ಕೆಂಟ್ ನಗರಕ್ಕೆ ಹೊರಟಿದ್ದಾಳೆ. ಪಾಠ ಇಂಗ್ಲಿಷಿನಲ್ಲಿರುತ್ತದೆ, ಹೊರಗೆ ಓಡಾಡಲು ನಾಲ್ಕು ಮಾತು ರಷ್ಯನ್ ಬಂದರೆ ಸಾಕು, ಕಜಕ್ ಬೇಕಾಗಿಲ್ಲ ಅಂತ ಸೀಟು ಕೊಡಿಸಿದ ಏಜೆಂಟರು ಹೇಳುತ್ತಾರೆ. ಇದು ನಿಜವೇ? ಕಜಕ್ ಅಂದರೆ ಉರ್ದುವಿನಂಥ ಭಾಷೆಯೇ? ಅದನ್ನು ಎಷ್ಟು ಜನ, ಎಲ್ಲೆಲ್ಲಿ ಆಡುತ್ತಾರೆ? ಲಿಪಿ ಬದಲಾಗುತ್ತಿದೆ ಅಂತಲೂ ಕೇಳಿದೆ. ಕಲಿಯುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಅಮ್ಮಾ, ನಿಮ್ಮ ಏಜೆಂಟರು ಹೇಳಿದ್ದು ನಲವತ್ತು ವರ್ಷದ ಹಿಂದೆ ಆಗಿದ್ದರೆ ಬಹುಮಟ್ಟಿಗೆ ಸರಿ ಇರುತ್ತಿತ್ತು. ಇವತ್ತಿಗೆ, ಅದರಲ್ಲೂ ಶಿಮ್ಕೆಂಟಿಗೆ, ಸರಿಯಲ್ಲ. ಆ ಊರು ದೇಶದ ದಕ್ಷಿಣ ತುದಿಯಲ್ಲಿದೆ. ನಮ್ಮ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಕೊಂಡ ತಾಷ್ಕೆಂಟ್ ಅಲ್ಲಿಂದ ಸುಮಾರು 120 ಕಿಲೋಮೀಟರು. ಉತ್ತರದ ಊರುಗಳಲ್ಲಿ, ಗಣಿಗಾರಿಕೆಯ ಕರಗಂಡಿಯಂಥ ಕಡೆ, ರಷ್ಯನ್ ಇನ್ನೂ ಬೀದಿಯ ಮಾತು. ದಕ್ಷಿಣದ ಶಿಮ್ಕೆಂಟ್, ತುರ್ಕಿಸ್ತಾನ್, ಕಿಜಿಲೊರ್ದಾ ಕಡೆ ಮನೆಯ ಮಾತೂ ಸಂತೆಯ ಮಾತೂ ಕಜಕ್. ಶಿಮ್ಕೆಂಟಿನಲ್ಲಿ ಉಜ್ಬೆಕ್ ಕೂಡ ಕಿವಿಗೆ ಬೀಳುತ್ತದೆ. ಮಗಳು ಮೂರನೇ ವರ್ಷ ದಾಟಿ ವಾರ್ಡಿಗೆ ಕಾಲಿಟ್ಟಾಗ ಎದುರಿಗೆ ಮಲಗಿರುವ ಹಳ್ಳಿಯ ಅಜ್ಜಿ ಇಂಗ್ಲಿಷೂ ಆಡುವುದಿಲ್ಲ, ಎಷ್ಟೋ ಸಲ ರಷ್ಯನ್ನೂ ಆಡುವುದಿಲ್ಲ. ಆದ್ದರಿಂದ ಎರಡೂ ಬೇಕು. ಆದರೆ ಕಜಕ್‌ನಿಂದ ಶುರು ಮಾಡಲಿ ಅನ್ನುವುದು ನನ್ನ ಸಲಹೆ. ಕನ್ನಡದ ಹುಡುಗಿಗೆ ಕಜಕ್ ರಷ್ಯನ್‌ಗಿಂತ ಬಹಳ ಬೇಗ ಒಲಿಯುತ್ತದೆ.

ಯಾಕೆ ಅಂತ ಒಂದು ವಾಕ್ಯದಲ್ಲೇ ತೋರಿಸುತ್ತೇನೆ. ‘ಮೆನ್ ಉಯ್ಗೆ ಕೆಲಿಪ್ ಶಾಯ್ ಇಶ್ತಿಮ್.’ ಮೆನ್ ಅಂದರೆ ನಾನು, ಉಯ್ಗೆ ಅಂದರೆ ಮನೆಗೆ, ಕೆಲಿಪ್ ಅಂದರೆ ಬಂದು, ಶಾಯ್ ಅಂದರೆ ಚಾ, ಇಶ್ತಿಮ್ ಅಂದರೆ ಕುಡಿದೆ. ‘ನಾನು ಮನೆಗೆ ಬಂದು ಚಾ ಕುಡಿದೆ.’ ಪದಕ್ಕೆ ಪದ ಕೂರುತ್ತದೆ, ಒಂದನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ‘ಕುಡಿದೆ’ ಅಂದಾಗ ಕುಡಿದವನು ನಾನೇ ಅಂತ ಕೊನೆಯ ಸ್ವರ ಹೇಳುವ ಹಾಗೆ ಅಲ್ಲಿ ಕೊನೆಯ ‘ಮ್’ ಹೇಳುತ್ತದೆ. ಇದೇ ಮಾತನ್ನು ಇಂಗ್ಲಿಷಿಗೋ ರಷ್ಯನ್ನಿಗೋ ತರಬೇಕಾದರೆ ವಾಕ್ಯದ ಗೋಡೆ ಕೆಡವಿ ಮತ್ತೆ ಕಟ್ಟಬೇಕು.

ನಾನು ಇದನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆ. ಮನಸ್ಸಿಗೆ ಇಳಿದದ್ದು ಅಲ್ಮಾಟಿಯ ಹಸಿರು ಬಜಾರಿನಲ್ಲಿ. ಒಣಗಿಸಿದ ಮೊಸರಿನ ಉಪ್ಪುಂಡೆಗಳನ್ನು ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬರು ಒಂದು ಉಂಡೆ ಎತ್ತಿ ನನ್ನ ಕೈಗಿಟ್ಟು ‘ಜೆಪ್ ಕೊರಿಂಗಿಜ್’ ಅಂದರು. ಆ ಉಂಡೆಗೆ ಅಲ್ಲಿ ಕುರ್ತ್ ಅನ್ನುತ್ತಾರೆ. ಜೆಪ್ ಅಂದರೆ ತಿಂದು, ಕೊರಿಂಗಿಜ್ ಅಂದರೆ ನೋಡಿ. ತಿಂದು ನೋಡಿ! ನಾಲಿಗೆಯ ರುಚಿಯನ್ನು ಕಣ್ಣಿನಿಂದ ‘ನೋಡುವ’ ಈ ಮಾತನ್ನು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಪೇಡೆ ಮಾರುವವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ. ಆ ಮೇಲೆ ಹುಡುಕಿದ ಹಾಗೆಲ್ಲ ಸಿಗುತ್ತಾ ಹೋಯಿತು. ‘ಬೆರ್’ ಅಂದರೆ ಕೊಡು. ‘ಜಾಜಿಪ್ ಬೆರ್’ ಅಂದರೆ ಬರೆದುಕೊಡು. ‘ಅಲ್’ ಅಂದರೆ ತೆಗೆದುಕೋ. ‘ಜಾಜಿಪ್ ಅಲ್’ ಅಂದರೆ ಬರೆದುಕೋ. ಒಂದೇ ಕ್ರಿಯೆ ಇನ್ನೊಬ್ಬರ ಸಲುವಾಗಿ ಆದರೆ ‘ಕೊಡು’, ತನ್ನ ಸಲುವಾಗಿ ಆದರೆ ‘ಕೊಳ್ಳು’. ಈ ಭೇದವನ್ನು ನಾವು ಯಾರಿಗೂ ಕಲಿಸುವುದಿಲ್ಲ, ಮಕ್ಕಳು ಹಾಲಿನ ಜೊತೆ ಕುಡಿದುಬಿಟ್ಟಿರುತ್ತಾರೆ. ನಿಮ್ಮ ಮಗಳಿಗೆ ಕಜಕ್‌ನ ಈ ಪಾಠ ಕಲಿಯದೆಯೇ ಬರುತ್ತದೆ.

ಇನ್ನೂ ಇದೆ. ‘ಒಲ್ ಕೆಲೆಮಿನ್ ದೆಪ್ ಅಯ್ತ್ತಿ’ ಅಂದರೆ ‘ಅವನು ಬರುತ್ತೇನೆ ಅಂತ ಹೇಳಿದ’. ನಮ್ಮ ‘ಅಂತ’, ‘ಎಂದು’ ಹುಟ್ಟಿದ್ದು ಅನ್ನು, ಎನ್ನು ಎಂಬ ಧಾತುವಿನಿಂದ. ಅವರ ‘ದೆಪ್’ ಹುಟ್ಟಿದ್ದೂ ಅನ್ನುವುದು ಎಂಬ ಅರ್ಥದ ‘ದೆ’ ಧಾತುವಿನಿಂದಲೇ. ‘ಮೆನ್ ಒಕಿಗಾನ್ ಕಿತಾಪ್’ ಅಂದರೆ ‘ನಾನು ಓದಿದ ಪುಸ್ತಕ’. ನಡುವೆ ‘ಯಾವುದೋ ಅದು’ ಅನ್ನುವ ಕೊಂಡಿಯ ಗೊಡವೆ ಇಲ್ಲ. ‘ನನ್ನ ಹತ್ತಿರ ಹೊಂದಿದ್ದೇನೆ’ ಅನ್ನುವ ಥರದ ಕ್ರಿಯಾಪದ ಅವರಲ್ಲೂ ಇಲ್ಲ. ‘ಬಾರ್’ ಅಂದರೆ ಇದೆ, ‘ಜೊಕ್’ ಅಂದರೆ ಇಲ್ಲ. ‘ಅಕ್ಷಾ ಬಾರ್ ಮಾ?’ ದುಡ್ಡು ಇದೆಯಾ? ‘ಉವಾಕಿತ್ ಜೊಕ್.’ ವೇಳೆ ಇಲ್ಲ. ಪ್ರಶ್ನೆ ಕೇಳಲು ಕೊನೆಯಲ್ಲಿ ‘ಮಾ’, ‘ಬಾ’ ಅಂತ ಅಂಟಿಸಿದರೆ ಮುಗಿಯಿತು, ನಾವು ‘ಆ’ ಅಂಟಿಸುವ ಹಾಗೆ. ಚಾ-ಗೀ ಕುಡಿಯೋಣ ಅನ್ನುವ ಸಲಿಗೆಯೂ ಅಲ್ಲಿದೆ, ಅವರು ‘ಶಾಯ್-ಪಾಯ್’ ಅನ್ನುತ್ತಾರೆ.

ಇಷ್ಟು ಹೋಲಿಕೆ ಕಂಡಾಗ ಎರಡೂ ಅಕ್ಕತಂಗಿ ಭಾಷೆಗಳಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಅವರಿಗೂ ಅನ್ನಿಸಿತ್ತು. ತುರ್ಕಿ ಮೊದಲಾದ ಭಾಷೆಗಳನ್ನು ಸಿಥಿಯನ್ ಎಂಬ ದೊಡ್ಡ ಬುಟ್ಟಿಗೆ ಹಾಕಿ, ಕನ್ನಡ ತಮಿಳುಗಳ ನಂಟು ಆ ಕಡೆಗೇ ಅಂದರು ಅವರು. ಇಂದಿನ ಭಾಷಾಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಹೋಲುವುದು ಕಟ್ಟುವ ಬಗೆ, ರಕ್ತವಲ್ಲ. ಬೇರೆ ಬೇರೆ ಊರಿನ ಇಬ್ಬರು ಬಡಗಿಗಳು ಒಂದೇ ನಮೂನೆಯ ಬಾಗಿಲು ಮಾಡಿದ ಹಾಗೆ. ‘ಉಯ್ಗೆ’ ಮತ್ತು ‘ಮನೆಗೆ’ ಎರಡರಲ್ಲೂ ‘ಗೆ’ ಇರುವುದು, ‘ಕರಾ’ ಮತ್ತು ‘ಕರಿ’ ಎರಡೂ ಕಪ್ಪನ್ನೇ ಹೇಳುವುದು, ಇವು ಬರೀ ಕಾಕತಾಳೀಯ. ನೆನಪಿಡುವುದಕ್ಕೆ ಮಗಳು ಇವನ್ನು ಧಾರಾಳವಾಗಿ ಬಳಸಲಿ, ನಂಟಸ್ತಿಕೆಗೆ ಸಾಕ್ಷಿ ಅಂತ ತಿಳಿಯುವುದು ಬೇಡ.

ಕಜಕ್ ತುರ್ಕಿಕ್ ಕುಟುಂಬದ್ದು, ಅದರೊಳಗೆ ಕಿಪ್ಚಾಕ್ ಎಂಬ ಕವಲಿನದು. ಕರಕಲ್ಪಾಕ್, ನೊಗಾಯ್ ಭಾಷೆಗಳು ಅದರ ಒಡಹುಟ್ಟು. ಕಿರ್ಗಿಜ್ ಆಡುವವರ ಜೊತೆ ಕಜಕರು ದುಭಾಷಿ ಇಲ್ಲದೆ ಮಾತು ಸಾಗಿಸುತ್ತಾರೆ. ಟರ್ಕಿ ದೇಶದ ತುರ್ಕಿಷ್ ಅದೇ ಕುಟುಂಬದ ಬೇರೆ ಕವಲು, ನಮಗೆ ತೆಲುಗು ಇದ್ದಷ್ಟು ದೂರ ಅನ್ನಿ. ನೀವು ಕೇಳಿದ ಉರ್ದು ಇದಕ್ಕೆ ಸಂಬಂಧವೇ ಇಲ್ಲದ ಭಾಷೆ. ಆದರೂ ನಿಮಗೆ ಹಾಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಪಾರಸಿ, ಅರಬ್ಬಿ ಪದಗಳು ಉರ್ದುವಿಗೆ ಹೋದ ಹಾಗೆ ಕಜಕ್‌ಗೂ ಹೋಗಿವೆ, ನಮ್ಮ ಕನ್ನಡಕ್ಕೂ ಬಂದಿವೆ. ಹಾವೇರಿಯವರಾದ ನಿಮಗೆ ಇದು ಬೆಂಗಳೂರಿನವರಿಗಿಂತ ಬೇಗ ಗೊತ್ತಾಗುತ್ತದೆ. ದೋಸ್ತ ಅಲ್ಲಿ ‘ದೋಸ್’. ದುಕಾನು ‘ದುಕೆನ್’. ಖಬರು ‘ಖಬಾರ್’. ಸಾಬೂನು ‘ಸಾಬಿನ್’. ಹವಾ ‘ಅವಾ’. ಫಾಯದೆ ‘ಪಾಯ್ದಾ’, ಯಾಕೆಂದರೆ ಹಳೆಯ ಕಜಕ್ ನಾಲಿಗೆಗೆ ‘ಫ’ ಹೊರಡುತ್ತಿರಲಿಲ್ಲ. ನಮ್ಮ ‘ಮಾಲು’ ಅಂಗಡಿಯ ಸರಕು. ಅವರ ‘ಮಾಲ್’ ದನಕರು, ಕುರಿ, ಕುದುರೆ. ಹುಲ್ಲುಗಾವಲಿನಲ್ಲಿ ಅಲೆಯುವವರಿಗೆ ಸಂಪತ್ತೆಂದರೆ ಅದೇ ತಾನೆ. ‘ಮಾಲ್-ಜಾನ್ ಅಮಾನ್ ಬಾ?’ ಅಂತ ಹಳಬರು ಎದುರಾದವರನ್ನು ಕೇಳುತ್ತಾರೆ. ದನಕರು, ಮನೆಮಂದಿ ಕ್ಷೇಮವಾ? ದನದ ಯೋಗಕ್ಷೇಮ ಮೊದಲು.

ಈ ಬಳಗದಲ್ಲಿ ಮಗಳಿಗೆ ದಿನಾ ಬೇಕಾಗುವುದು ಒಂದೇ ಪದ: ‘ದ್ಯಾರಿ’. ಪಾರಸಿಯ ದಾರೂ ಅಲ್ಲಿ ಔಷಧಿಯಾಗಿಯೇ ಉಳಿದಿದೆ, ನಮ್ಮಲ್ಲಿ ಹೆಂಡವಾಗಿಬಿಟ್ಟಿದೆ. ದ್ಯಾರಿ ಕೊಡುವವರು ‘ದ್ಯಾರಿಗೆರ್’, ಅಂದರೆ ವೈದ್ಯರು. ಔಷಧದ ಅಂಗಡಿ ‘ದ್ಯಾರಿಖಾನಾ’. ‘ಅವುರು’ ಅಂದರೆ ಕಾಯಿಲೆ, ಆಸ್ಪತ್ರೆ ‘ಅವುರುಖಾನಾ’. ನಿಮ್ಮ ಊರಿನ ಹಿರಿಯರು ಈಗಲೂ ದವಾಖಾನೆ ಅನ್ನುವುದಿಲ್ಲವೆ? ಆ ‘ಖಾನೆ’ಯೇ ಇದು. ಹಾವೇರಿಯ ದವಾಖಾನೆಯಿಂದ ಶಿಮ್ಕೆಂಟಿನ ಅವುರುಖಾನಾಕ್ಕೆ ಅರ್ಧ ಪದದಷ್ಟೇ ದೂರ.

ಹಾಗಾದರೆ ಕಷ್ಟ ಇಲ್ಲವೆ? ಇದೆ, ಮೊದಲ ಕಷ್ಟ ಸ್ವರಗಳದ್ದು. ಕಜಕ್‌ನಲ್ಲಿ ಸ್ವರಗಳು ಎರಡು ಪಂಗಡ. ಹಿಂದಿನ ಬಾಯಿಂದ ಬರುವ ಅ, ಒ, ಉ ಮುಂತಾದವನ್ನು ಅವರು ‘ದಪ್ಪ’ ಅನ್ನುತ್ತಾರೆ. ಮುಂದಿನ ಬಾಯಿಂದ ಬರುವ ಎ, ಇ ಮತ್ತು ಅವುಗಳ ನೆರೆಯವು ‘ತೆಳು’. ಪದ ದಪ್ಪವಾದರೆ ಅದಕ್ಕೆ ಅಂಟುವ ಪ್ರತ್ಯಯವೂ ದಪ್ಪ, ಪದ ತೆಳುವಾದರೆ ಪ್ರತ್ಯಯವೂ ತೆಳು. ಮಕ್ಕಳು ‘ಬಾಲಾಲಾರ್’, ಮನೆಗಳು ‘ಉಯ್ಲೆರ್’. ಅದರ ಮೇಲೆ ಹಿಂದಿನ ವ್ಯಂಜನ ನೋಡಿಕೊಂಡು ‘ಲ’ಕಾರ ‘ದ’ವೋ ‘ತ’ವೋ ಆಗುತ್ತದೆ: ಪುಸ್ತಕಗಳು ‘ಕಿತಾಪ್ತಾರ್’, ಕಣ್ಣುಗಳು ‘ಕೊಜ್ದೆರ್’. ಒಂದು ‘ಗಳು’ವಿಗೆ ಆರು ರೂಪ! ಪಟ್ಟಿ ಮಾಡಿ ಬಾಯಿಪಾಠ ಮಾಡಲು ಹೋದರೆ ತಲೆ ಕೆಡುತ್ತದೆ. ಬಾಯಿಗೆ ಬಿಟ್ಟರೆ ತಾನೇ ಹೊರಡುತ್ತದೆ, ಯಾಕೆಂದರೆ ಈ ಬದಲಾವಣೆಗಳೆಲ್ಲ ನಾಲಿಗೆಗೆ ಸುಲಭವಾಗಲೆಂದೇ ಹುಟ್ಟಿದವು. ನಾನು ಮೇಲೆ ‘ಉಯ್’ ಅಂತ ಬರೆದದ್ದು ನಿಜವಾಗಿ ಉ ಅಲ್ಲ. ತುಟಿ ಉ ಹೇಳುವಂತೆ ಮುದುಡಿರಬೇಕು, ನಾಲಿಗೆ ಇ ಹೇಳಬೇಕು. ‘ಕೊರ್’ ಕೂಡ ಹಾಗೆಯೇ, ತುಟಿ ಒ, ನಾಲಿಗೆ ಎ. ಕನ್ನಡದಲ್ಲಿ ಈ ಧ್ವನಿಗಳಿಲ್ಲ, ಲಿಪಿಯಲ್ಲೂ ಇಲ್ಲ, ಕಿವಿಯಿಂದಲೇ ಹಿಡಿಯಬೇಕು. ಗಂಟಲಿನಾಳದ ಒಂದು ‘ಕ’ ಇದೆ, ಅದಕ್ಕೆ ವಾರವೆರಡು ವಾರ ಸಾಕು. ನಮ್ಮವರು ಮಾಡುವ ತಪ್ಪು ಸ್ವರವನ್ನು ಎಳೆಯುವುದು. ಕಜಕ್‌ನಲ್ಲಿ ಹ್ರಸ್ವ ದೀರ್ಘ ಅರ್ಥ ಬದಲಿಸುವುದಿಲ್ಲ. ನಾನಿಲ್ಲಿ ಬರೆದ ದೀರ್ಘಗಳೆಲ್ಲ ಕನ್ನಡದ ಅನುಕೂಲಕ್ಕೆ.

ಇನ್ನೊಂದು ಹೊಸತು: ‘ನಮ್ಮ’, ‘ನಿಮ್ಮ’ ಎಲ್ಲ ಪದದ ಬಾಲಕ್ಕೆ ಸೇರುತ್ತವೆ. ‘ಮೆಕ್ತೆಪ್’ ಶಾಲೆ, ‘ಮೆಕ್ತೆಪ್ತೆರ್’ ಶಾಲೆಗಳು, ‘ಮೆಕ್ತೆಪ್ತೆರಿಮಿಜ್’ ನಮ್ಮ ಶಾಲೆಗಳು, ‘ಮೆಕ್ತೆಪ್ತೆರಿಮಿಜ್ದೆ’ ನಮ್ಮ ಶಾಲೆಗಳಲ್ಲಿ. ಸಂಧಿ ಬಿಡಿಸಿ ಅಭ್ಯಾಸವಿರುವ ನಮಗೆ ಇದೇನು ಭಯವಲ್ಲ. ಅದಕ್ಕೆ ಬದಲಾಗಿ ಒಂದು ದೊಡ್ಡ ಹೊರೆ ಇಳಿಯುತ್ತದೆ: ಲಿಂಗವೇ ಇಲ್ಲ. ಅವನು, ಅವಳು, ಅದು ಎಲ್ಲಕ್ಕೂ ‘ಒಲ್’. ರಷ್ಯನ್‌ನಲ್ಲಿ ಮೇಜಿಗೂ ಕಿಟಕಿಗೂ ಲಿಂಗ ಉರು ಹೊಡೆಯುವ ಗೆಳತಿಯರನ್ನು ನೋಡಿದಾಗ ಮಗಳಿಗೆ ಇದರ ಬೆಲೆ ತಿಳಿಯುತ್ತದೆ.

ಎಷ್ಟು ಜನ ಆಡುತ್ತಾರೆ ಅಂತ ಕೇಳಿದಿರಿ. ಕಜಕಿಸ್ತಾನ ನಮ್ಮ ಕರ್ನಾಟಕದ ಹದಿನಾಲ್ಕು ಪಟ್ಟು ದೊಡ್ಡದು, ಸುಮಾರು 27 ಲಕ್ಷ ಚದರ ಕಿಲೋಮೀಟರು. ಆದರೆ ಜನಸಂಖ್ಯೆ 2 ಕೋಟಿ ದಾಟಿದ್ದೇ 2023ರ ಕೊನೆಗೆ. 2021ರ ಜನಗಣತಿಯಲ್ಲಿ ಅವರಲ್ಲಿ ಶೇ 70ರಷ್ಟು ಕಜಕರು, ಶೇ 15ರಷ್ಟು ರಷ್ಯನ್ನರು. ಗಡಿಯಾಚೆ ಚೀನಾದ ಷಿನ್‌ಜಿಯಾಂಗ್‌ನಲ್ಲಿ, ಮುಖ್ಯವಾಗಿ ಇಲಿ ಸೀಮೆಯಲ್ಲಿ, ಸುಮಾರು 15 ಲಕ್ಷ ಕಜಕರಿದ್ದಾರೆ. ಉಜ್ಬೇಕಿಸ್ತಾನದಲ್ಲಿ 8 ಲಕ್ಷದ ಆಸುಪಾಸು, ರಷ್ಯಾದಲ್ಲಿ 6 ಲಕ್ಷದ ಆಸುಪಾಸು. ಮಂಗೋಲಿಯದ ಪಶ್ಚಿಮ ತುದಿಯ ಬಯಾನ್-ಓಲ್ಗಿ ಪ್ರಾಂತ್ಯದಲ್ಲಿ ಬಹುಪಾಲು ಜನ ಕಜಕರೇ. ಒಟ್ಟು ಹಿಡಿದರೂ ಕನ್ನಡ ಮಾತೃಭಾಷೆಯವರ ಅರ್ಧಕ್ಕಿಂತ ಕಡಿಮೆ. ಆಶ್ಚರ್ಯದ ಮಾತೆಂದರೆ ಇಷ್ಟು ದೂರ ಹರಡಿದ್ದರೂ ಕ್ಯಾಸ್ಪಿಯನ್ ದಡದವರ ಮಾತು ಮಂಗೋಲಿಯದವರಿಗೆ ಅರ್ಥವಾಗುತ್ತದೆ. ನಮ್ಮಲ್ಲಿ ಮಂಗಳೂರಿನವರಿಗೂ ಬೀದರಿನವರಿಗೂ ಇರುವಷ್ಟು ಅಂತರ ಅಲ್ಲಿಲ್ಲ. ಊರು ಕಟ್ಟಿ ಕೂತವರ ಮಾತು ಊರಿಗೊಂದು ಬಣ್ಣ ಪಡೆಯುತ್ತದೆ. ಋತುವಿಗೊಮ್ಮೆ ನೂರಾರು ಮೈಲಿ ಸಾಗುತ್ತಾ ಒಬ್ಬರನ್ನೊಬ್ಬರು ಸಂಧಿಸುತ್ತಲೇ ಇದ್ದವರ ಮಾತು ಹದವಾಗಿ ಬೆರೆತಿರುತ್ತದೆ.

ಈ ಜನರಲ್ಲಿ ಒಂದು ಗುಂಪು ನಮ್ಮ ದೇಶವನ್ನೂ ಹಾದುಹೋಗಿದೆ ಅನ್ನುವುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 1940ರ ದಶಕದ ಆರಂಭದಲ್ಲಿ ಷಿನ್‌ಜಿಯಾಂಗ್‌ನ ದಬ್ಬಾಳಿಕೆಯಿಂದ ತಪ್ಪಿಸಿಕೊಂಡ ಸಾವಿರಾರು ಕಜಕರು ಟಿಬೆಟಿನ ಮಂಜಿನ ದಾರಿಯಲ್ಲಿ ಕುರಿ ಕುದುರೆಗಳನ್ನೂ ಬಂಧುಗಳನ್ನೂ ಕಳೆದುಕೊಳ್ಳುತ್ತಾ ಕಾಶ್ಮೀರ ಮುಟ್ಟಿದರು. 1950ರ ಹೊತ್ತಿಗೆ ಇನ್ನೊಂದು ತಂಡ ಅದೇ ದಾರಿ ಹಿಡಿಯಿತು. ನಂತರ ಅವರಲ್ಲಿ ಬಹುಪಾಲು ಜನ ಟರ್ಕಿಗೆ ಹೋಗಿ ನೆಲೆಸಿದರು.

ಈಗ ನಿಮ್ಮ ಏಜೆಂಟರ ಮಾತಿಗೆ ಬರುತ್ತೇನೆ. ಕಜಕಿಸ್ತಾನದಲ್ಲಿ ಕಜಕ್ ಬೇಡ ಅನ್ನುವ ಮಾತು ಎಲ್ಲಿಂದ ಬಂತು? ಇದು ನೋವಿನ ಕಥೆ. 1930ರಿಂದ 1933ರವರೆಗೆ, ಸೋವಿಯತ್ ಸರ್ಕಾರ ಅಲೆಮಾರಿಗಳ ದನಕರು ಕಿತ್ತುಕೊಂಡು ಅವರನ್ನು ಬಲವಂತವಾಗಿ ಒಂದೆಡೆ ಕೂರಿಸಿದಾಗ, ಬರಗಾಲ ಬಿತ್ತು. ಸುಮಾರು 15 ಲಕ್ಷ ಜನ ಸತ್ತರು, ಅವರಲ್ಲಿ ಸುಮಾರು 13 ಲಕ್ಷ ಕಜಕರು. ಮೂವರು ಕಜಕರಲ್ಲಿ ಒಬ್ಬರಿಗಿಂತ ಹೆಚ್ಚು. ‘ಮಾಲ್’ ಹೋದರೆ ‘ಜಾನ್’ ಉಳಿಯುವುದಿಲ್ಲ ಅನ್ನುವುದು ಆ ಕ್ಷೇಮ ಕೇಳುವ ಮಾತಿನಲ್ಲೇ ಇತ್ತು. ಅದರ ಬೆನ್ನಿಗೆ ಕೊರಿಯನ್ನರು, ವೋಲ್ಗಾ ಜರ್ಮನ್ನರು, ಚೆಚೆನ್ನರನ್ನು ತಂಡತಂಡವಾಗಿ ಅಲ್ಲಿಗೆ ಗಡೀಪಾರು ಮಾಡಿದರು. 1954ರಿಂದ ಹುಲ್ಲುಗಾವಲು ಉತ್ತು ಗೋಧಿ ಬೆಳೆಯುವ ಅಭಿಯಾನಕ್ಕೆ ರಷ್ಯಾ, ಉಕ್ರೇನ್ ಕಡೆಯಿಂದ ಲಕ್ಷಾಂತರ ಜನ ಬಂದರು. 1959ರ ಜನಗಣತಿಯ ಹೊತ್ತಿಗೆ ತಮ್ಮ ಹೆಸರಿನ ನೆಲದಲ್ಲೇ ಕಜಕರು ಶೇ 30. ರಷ್ಯನ್ನರು ಅವರಿಗಿಂತ ಹೆಚ್ಚು, ಶೇ 43ರ ಸಮೀಪ. ಕಚೇರಿ, ಕಾಲೇಜು, ಕಾರ್ಖಾನೆ ಎಲ್ಲ ರಷ್ಯನ್ ಆಯಿತು. ಅಪ್ಪ ಅಮ್ಮಂದಿರೇ ಮಕ್ಕಳನ್ನು ರಷ್ಯನ್ ಶಾಲೆಗೆ ಹಾಕಿದರು. ಅವರನ್ನು ದೂರುವ ಮನಸ್ಸು ನನಗಾಗುವುದಿಲ್ಲ. ಮಗುವಿನ ಹೊಟ್ಟೆಪಾಡು ನೋಡಿಕೊಂಡರು. ತಾಯ್ನುಡಿ ಬಾರದೆ ಬೆಳೆದ ಮಕ್ಕಳಿಗೆ ‘ಶಾಲಾ ಕಜಕ್’, ಅಂದರೆ ಅರೆಬರೆ ಕಜಕ, ಅನ್ನುವ ಹೆಸರು ಬಿತ್ತು. ಅದನ್ನು ನಗುತ್ತಾ ಹೇಳಿಕೊಳ್ಳುವವರನ್ನು ನೋಡಿದ್ದೇನೆ, ಕಣ್ಣು ಒದ್ದೆ ಮಾಡಿಕೊಂಡು ಹೇಳಿದವರನ್ನೂ ನೋಡಿದ್ದೇನೆ.

ತಿರುವು ಬಂದದ್ದು 1989ರಲ್ಲಿ. ಸೋವಿಯತ್ ಒಕ್ಕೂಟ ಇನ್ನೂ ಇದ್ದಾಗಲೇ ಬಂದ ಭಾಷಾ ಕಾನೂನು ಕಜಕ್ ಅನ್ನು ರಾಜ್ಯಭಾಷೆ ಅಂತ ಘೋಷಿಸಿತು. 1991ರಲ್ಲಿ ದೇಶ ಸ್ವತಂತ್ರವಾಯಿತು. 1995ರ ಸಂವಿಧಾನ ಕಜಕ್‌ಗೆ ರಾಜ್ಯಭಾಷೆಯ ಸ್ಥಾನ ಕೊಟ್ಟು, ಸರ್ಕಾರಿ ಕಚೇರಿಗಳಲ್ಲಿ ರಷ್ಯನ್ ಕೂಡ ಅದರ ಸಮಕ್ಕೆ ಬಳಕೆಯಲ್ಲಿರಲಿ ಅಂದಿತು. ರಷ್ಯನ್ನರು, ಜರ್ಮನ್ನರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು. ಚೀನಾ, ಮಂಗೋಲಿಯ, ಉಜ್ಬೇಕಿಸ್ತಾನಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಕಜಕರು ಮರಳಿ ಬಂದರು. ಅವರನ್ನು ಈಗ ‘ಕಂದಾಸ್’ ಅನ್ನುತ್ತಾರೆ, ಒಂದೇ ರಕ್ತದವರು ಅಂತ. ಅವರಲ್ಲಿ ಎಷ್ಟೋ ಜನಕ್ಕೆ ರಷ್ಯನ್ ಒಂದಕ್ಷರ ಬಾರದು, ಆದರೆ ಕಜಕ್ ಅಚ್ಚುಕಟ್ಟು. ರಷ್ಯನ್ ಪದಗಳ ಜಾಗಕ್ಕೆ ಹೊಸ ಪದಗಳೂ ಬಂದಿವೆ. ಹಾರು ಎಂಬ ಧಾತುವಿನಿಂದ ವಿಮಾನಕ್ಕೆ ‘ಉಶಾಕ್’, ನೆಟ್ಟಗೆ ಮೇಲೇಳುವ ಹೆಲಿಕಾಪ್ಟರಿಗೆ ‘ತಿಕ್-ಉಶಾಕ್’. 2021ರ ಜನಗಣತಿಯಲ್ಲಿ ಶೇ 80ರಷ್ಟು ಜನ ಕಜಕ್ ಬರುತ್ತದೆ ಅಂದರು, ದಿನನಿತ್ಯ ಬಳಸುತ್ತೇವೆ ಅಂದವರು ಸುಮಾರು ಅರ್ಧ. ಈ ಎರಡು ಅಂಕಿಗಳ ನಡುವೆ ಇರುವವರು, ಬಲ್ಲರು ಆದರೆ ಆಡುವುದಿಲ್ಲ ಅನ್ನುವವರು, ಕಡಿಮೆಯಾಗುತ್ತಾ ಬರಲಿ ಅಂತ ನಾನು ಮನಸಾರೆ ಹಾರೈಸುತ್ತೇನೆ. ಗಡಿಯಾಚೆ ಷಿನ್‌ಜಿಯಾಂಗ್‌ನಲ್ಲಿ ಗಾಳಿ ತಿರುವುಮುರುವಾಗಿ ಬೀಸುತ್ತಿದೆ. ಅಲ್ಲಿಯ ಶಾಲೆಗಳಲ್ಲಿ ಚೀನೀ ಮುಂದೆ ಬಂದು ಕಜಕ್ ಹಿಂದೆ ಸರಿದಿದೆ.

ಲಿಪಿಯ ವಿಷಯ. ನೂರು ವರ್ಷದೊಳಗೆ ಇಷ್ಟು ಸಲ ಲಿಪಿ ಬದಲಿಸಿಕೊಂಡ ಭಾಷೆಗಳು ಕಡಿಮೆ. ಮೊದಲು ಅರಬ್ಬಿ ಲಿಪಿ ಇತ್ತು. ಅದನ್ನು ಕಜಕ್‌ಗೆ ಹೊಂದಿಸಿದವರು ಅಹ್ಮೆತ್ ಬಾಯ್ತುರ್ಸಿನೊವ್, 1872ರಲ್ಲಿ ಹುಟ್ಟಿದ ಶಿಕ್ಷಕ, ಕವಿ, ಅಲಾಶ್ ಎಂಬ ರಾಷ್ಟ್ರೀಯ ಚಳವಳಿಯ ಮುಂದಾಳು. ಅವರ ಒಂದು ಉಪಾಯ ನನಗೆ ಬಹಳ ಇಷ್ಟ. ದಪ್ಪ ಸ್ವರ, ತೆಳು ಸ್ವರ ಅಂತ ಮೇಲೆ ಹೇಳಿದೆನಲ್ಲ, ಅಷ್ಟಕ್ಕೂ ಬೇರೆ ಬೇರೆ ಅಕ್ಷರ ಬೇಕಾಗಿತ್ತು. ಅವರು ಪದದ ತಲೆಯಲ್ಲಿ ಒಂದೇ ಒಂದು ಸಣ್ಣ ಗುರುತು ಇಟ್ಟರು. ಆ ಗುರುತಿದ್ದರೆ ಇಡೀ ಪದವನ್ನು ತೆಳುವಾಗಿ ಓದು, ಇಲ್ಲದಿದ್ದರೆ ದಪ್ಪವಾಗಿ. ಸ್ವರಗಳು ಬೆರಕೆಯಾಗದ ಭಾಷೆಯಲ್ಲಿ ಒಂದು ಗುರುತು ಪದದುದ್ದಕ್ಕೂ ಸಾಕು! ತನ್ನ ನುಡಿಯ ನಾಡಿ ಹಿಡಿದವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ. ಶಾಲೆಯ ಮಕ್ಕಳು ಇಂದಿಗೂ ಕಲಿಯುವ ವ್ಯಾಕರಣದ ಪದಗಳಲ್ಲಿ ಬಹಳಷ್ಟನ್ನು ಕಟ್ಟಿದವರೂ ಅವರೇ. 1937ರ ಡಿಸೆಂಬರಿನಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಗುಂಡಿಟ್ಟು ಕೊಂದಿತು. ಅವರ ಲಿಪಿ ಚೀನಾದ ಕಜಕರಲ್ಲಿ ಇನ್ನೂ ಉಸಿರಾಡುತ್ತಿದೆ.

ಸೋವಿಯತ್ ಒಕ್ಕೂಟದಲ್ಲಿ 1929ಕ್ಕೆ ಅರಬ್ಬಿ ಹೋಗಿ ಲ್ಯಾಟಿನ್ ಬಂತು, 1940ಕ್ಕೆ ಲ್ಯಾಟಿನ್ ಹೋಗಿ ರಷ್ಯನ್ ಬರೆಯುವ ಸಿರಿಲಿಕ್ ಲಿಪಿ ಬಂತು. ಒಂದೇ ಮನೆಯಲ್ಲಿ ಅಜ್ಜ ಬರೆದ ಕಾಗದ ಮೊಮ್ಮಗನಿಗೆ ಓದಲು ಬಾರದು. ಈಗಿನ ಸಿರಿಲಿಕ್‌ನಲ್ಲಿ 42 ಅಕ್ಷರ: ರಷ್ಯನ್‌ನ 33, ಕಜಕ್‌ಗೇ ಬೇಕಾದ 9. 2017ರಲ್ಲಿ ಮತ್ತೆ ಲ್ಯಾಟಿನ್‌ಗೆ ಹೋಗುವ ನಿರ್ಧಾರವಾಯಿತು. ಆ ವರ್ಷ ಸರ್ಕಾರ ಒಪ್ಪಿದ ರೂಪದಲ್ಲಿ ಅಕ್ಷರಗಳ ಪಕ್ಕ ಅಲ್ಪವಿರಾಮದಂಥ ಚುಕ್ಕೆಗಳು ನೇತಾಡುತ್ತಿದ್ದವು. ಚೆರ್ರಿ ಹಣ್ಣಿನ ‘ಶಿಯೆ’ ಎಂಬ ಪುಟ್ಟ ಪದಕ್ಕೇ ಎರಡು. ಜನ ಒಪ್ಪಲಿಲ್ಲ. 2018ರಲ್ಲಿ ತಿದ್ದಿದರು, 2021ರಲ್ಲಿ 31 ಅಕ್ಷರಗಳ ಇನ್ನೊಂದು ಕರಡು ಬಂತು. ಮುಂದಕ್ಕೆ ಹಾಕುತ್ತಲೇ ಬಂದಿದ್ದಾರೆ, ಅವಸರ ಮಾಡದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಶಾಲೆಯ ಪುಸ್ತಕ, ಔಷಧದ ಚೀಟಿ, ಬಸ್ಸಿನ ಬೋರ್ಡು ಸಿರಿಲಿಕ್‌ನಲ್ಲೇ ಇರುವುದರಿಂದ ಮಗಳು ಅದನ್ನೇ ಕಲಿಯಲಿ. ಹದಿನೈದು ದಿನದ ಕೆಲಸ, ಅದರಿಂದ ರಷ್ಯನ್ ಓದುವುದೂ ಬರುತ್ತದೆ.

ಮಾತಿಗಿಂತ ಮೊದಲು ಕರೆಯುವುದು ಬರಬೇಕು. ‘ಸೆನ್’ ನೀನು, ‘ಸಿಜ್’ ನೀವು. ಹಿರಿಯರಿಗೆ ಸೆನ್ ಅಂದರೆ ನಮ್ಮಲ್ಲಿ ಆಗುವಷ್ಟೇ ಬೇಸರ ಅಲ್ಲೂ ಆಗುತ್ತದೆ. ವಯಸ್ಸಾದ ಹೆಂಗಸಿಗೆ ‘ಅಪಾ’, ವಯಸ್ಸಾದ ಗಂಡಸಿಗೆ ‘ಅತಾ’, ಅಣ್ಣನಂಥವರಿಗೆ ‘ಅಗಾ’. ತಂಗಿಗೆ ಎರಡು ಪದಗಳಿವೆ: ಗಂಡಸಿನ ತಂಗಿ ‘ಕರಿಂದಾಸ್’, ಹೆಂಗಸಿನ ತಂಗಿ ‘ಸಿಂಗ್ಲಿ’. ಏಳು ತಲೆಮಾರಿನ ಅಜ್ಜಂದಿರ ಹೆಸರು ಬಾಯಲ್ಲಿರಬೇಕು, ಆ ಏಳು ತಲೆಮಾರಿನೊಳಗೆ ಮದುವೆ ಕೂಡದು. ಸೋದರಮಾವನ ಮಗಳನ್ನು ತರುವ ನಮ್ಮ ರೂಢಿ ಹೇಳಿದರೆ ಅಲ್ಲಿಯ ಅಜ್ಜಿಯರು ಬೆಚ್ಚಿಬೀಳುತ್ತಾರೆ.

ಆದರೆ ಸೊಸೆಯ ವಿಷಯಕ್ಕೆ ಬಂದರೆ ಅವರೂ ನಾವೂ ಒಂದೇ. ಹಿಂದಿನ ಕಾಲದ ಕಜಕ್ ಸೊಸೆ ಗಂಡನ ಕಡೆಯ ಹಿರಿಯರ ಹೆಸರು ಹೇಳುವಂತಿರಲಿಲ್ಲ. ಮಾವ, ಮೈದುನರಿಗೆಲ್ಲ ನದಿ, ಜೊಂಡು, ತೋಳ, ಕುರಿ, ಚಾಕು, ಮಸೆಗಲ್ಲು ಅಂತಲೇ ಹೆಸರಿದ್ದ ಮನೆಗೆ ಒಬ್ಬಳು ಸೊಸೆಯಾಗಿ ಬಂದಳಂತೆ. ನೀರಿಗೆ ಹೋದಾಗ ತೋಳವೊಂದು ಕುರಿ ಹಿಡಿದಿದ್ದನ್ನು ಕಂಡು ಓಡಿಬಂದು ಕೂಗಿದಳು: ‘ಭೋರ್ಗರೆಯುವುದರ ಆಚೆ, ಸರಸರ ಅನ್ನುವುದರ ಈಚೆ, ಊಳಿಡುವುದು ಬ್ಯಾ ಅನ್ನುವುದನ್ನು ತಿನ್ನುತ್ತಿದೆ, ಕೊಯ್ಯುವುದನ್ನು ಉಜ್ಜುವುದಕ್ಕೆ ಉಜ್ಜಿ ಬೇಗ ಬನ್ನಿ!’ ಒಂದು ಹೆಸರೂ ಬಾಯಿಂದ ಬೀಳಲಿಲ್ಲ, ಒಂದು ಸಂಗತಿಯೂ ಬಿಟ್ಟುಹೋಗಲಿಲ್ಲ. ಮದುವೆಮನೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಸುತ್ತಿ ಹೇಳುವ ನಿಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಜಾಣ್ಮೆ ಪರಿಚಯದ್ದೇ. ಮಾತಿನ ಜಾಣ್ಮೆಯನ್ನು ಆ ಜನ ಎಷ್ಟು ಗೌರವಿಸುತ್ತಾರೆ ಅನ್ನುವುದಕ್ಕೆ ‘ಅಯ್ತಿಸ್’ ನೋಡಬೇಕು. ಇಬ್ಬರು ಕವಿಗಳು ದೊಂಬ್ರಾ ಎಂಬ ಎರಡು ತಂತಿಯ ವಾದ್ಯ ಹಿಡಿದು ಎದುರುಬದುರು ಕೂತು, ನಿಂತ ನಿಲುವಿನಲ್ಲಿ ಪದ ಕಟ್ಟಿ ಒಬ್ಬರನ್ನೊಬ್ಬರು ಹಣಿಯುವ ಸ್ಪರ್ಧೆ ಅದು. ಹರದೇಶಿ-ನಾಗೇಶಿ ಕೇಳಿದ ಕಿವಿಗೆ ಅರ್ಥವಾಗದಿದ್ದರೂ ರೋಮಾಂಚನವಾಗುತ್ತದೆ. 2015ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿಮ್ಕೆಂಟಿನಲ್ಲಿ ಅಯ್ತಿಸ್ ನಡೆದರೆ ಮಗಳು ತಪ್ಪದೆ ಹೋಗಲಿ.

ಶುರು ಎಲ್ಲಿಂದ ಅಂದರೆ, ಹೊರಡುವ ಮೊದಲು ಹದಿನೈದು ದಿನ ಸಿರಿಲಿಕ್ ಅಕ್ಷರ, ಜೊತೆಗೆ ದಿನಕ್ಕೆ ಐದಾರು ವಾಕ್ಯ ಬಾಯಲ್ಲಿ. ಹಾಸ್ಟೆಲಿನಲ್ಲಿ ನಮ್ಮವರ ಜೊತೆಯೇ ಇದ್ದುಬಿಡದೆ ಒಬ್ಬ ಕಜಕ್ ಗೆಳತಿಯನ್ನು ಮಾಡಿಕೊಳ್ಳಲಿ; ಪುಸ್ತಕ ಕಲಿಸದ್ದನ್ನು ಅವಳು ಕಲಿಸುತ್ತಾಳೆ. ಮೊದಲ ಚಳಿಗಾಲದ ಹೊತ್ತಿಗೆ ಅಂಗಡಿ, ಬಸ್ಸು ದಾಟಿದರೆ ಸಾಕು. ರಷ್ಯನ್ ಅನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಲಿ. ವೈದ್ಯಕೀಯದ ದಾಖಲೆಗಳಲ್ಲಿ ಅದು ಇನ್ನೂ ಬೇಕಾಗುತ್ತದೆ.

ವಾರ್ಡಿಗೆ ಹೋಗುವ ಮೊದಲು ಒಂದು ವಾಕ್ಯ ಮಾತ್ರ ನಿದ್ದೆಯಲ್ಲೂ ಬರುವಂತಿರಬೇಕು: ‘ಕಾಯ್ ಜೆರಿಂಗಿಜ್ ಅವಿರಾದಿ, ಅಪಾ?’ ನಿಮ್ಮ ಯಾವ ಜಾಗ ನೋಯುತ್ತದೆ, ಅಜ್ಜಿ? ಹೊರದೇಶದ ಹುಡುಗಿಯ ಬಾಯಲ್ಲಿ ತನ್ನ ಮಾತು ಕೇಳಿದ ಅಜ್ಜಿ ‘ಬಾಸಿಮ್ ಅವಿರಾದಿ’, ತಲೆ ನೋಯುತ್ತದೆ, ಅಂತ ಶುರು ಮಾಡಿ ಸೊಸೆ, ಮೊಮ್ಮಕ್ಕಳು, ಕುದುರೆಯವರೆಗೆ ಹೋಗುತ್ತಾರೆ; ಮಗಳಿಗೆ ಅರ್ಧ ತಿಳಿಯುವುದಿಲ್ಲ. ಆಗ ಹೇಳಬೇಕಾದ್ದು ‘ಬಾಯಾವ್ ಅಯ್ತಿಂಗಿಜ್‌ಶಿ’. ಬಾಯಾವ್ ಅಂದರೆ ನಿಧಾನ, ಅಯ್ತಿಂಗಿಜ್ ಅಂದರೆ ಹೇಳಿ. ಕೊನೆಯ ಆ ‘ಶಿ’ಗೆ ಬೇರೆ ಅರ್ಥವಿಲ್ಲ, ಅಪ್ಪಣೆಯನ್ನು ಕೋರಿಕೆ ಮಾಡುತ್ತದೆ, ಅಷ್ಟೆ. ‘ಸ್ವಲ್ಪ ಸಾವಕಾಶ ಹೇಳ್ರಲಾ’ ಅಂತ ನಿಮ್ಮೂರಲ್ಲಿ ಅನ್ನುವಾಗ ಆ ಕೊನೆಯ ‘ಲಾ’ ಏನು ಮಾಡುತ್ತದೋ ಅದನ್ನೇ.